ಕ್ಲಚ್ ಒತ್ತಿದ್ದು ಯಾರು? – ಡ್ರೈವಿಂಗ್ ಸ್ಕೂಲಿಗೆ ಸೇರೋರಿಗೆ

ಸೆಮಿಸ್ಟರ್ ಪರೀಕ್ಷೆ ಮುಗಿದು ರಜೆ ಶುರುವಾದ್ರೆ ನಮ್ಮ ವಯಸ್ಸಿನವರಿಗೆ ಮನೆಯಲ್ಲಿ ಹೇಳೋ ಮೊದಲ ಮಾತು, "ಸುಮ್ನೆ ಕೂತಿರೋ ಬದಲು ಡ್ರೈವಿಂಗ್ ಕಲ್ತುಬಿಡು, ಕೆಲಸಕ್ಕೆ ಸೇರಿದ್ಮೇಲೆ ಟೈಮ್ ಸಿಗಲ್ಲ." ಸರಿ ಅಂತ ಹೋಗಿ ದುಡ್ಡು ಕಟ್ಟಿ ಸೇರ್ತೀವಿ. ಸ್ವಲ್ಪ ದಿನ ಬೆಳಿಗ್ಗೆ ಬೇಗ ಏಳ್ತೀವಿ. ಆಮೇಲೆ ಟೆಸ್ಟ್ ಆಗುತ್ತೆ, ಡಿಎಲ್ ಕಾರ್ಡ್ ಪೋಸ್ಟಿನಲ್ಲಿ ಮನೆಗೆ ಬರುತ್ತೆ. ಆದರೆ ಅಪ್ಪ ಕೀ ಕೈಗೆ ಕೊಟ್ಟು "ಹೋಗಿ ಹಾಲು ತಗೊಂಡು ಬಾ" ಅಂದ್ರೆ ಕೈಕಾಲು ನಡುಗುತ್ತೆ. ಲೈಸೆನ್ಸ್ ಪರ್ಸಿನಲ್ಲಿ ಇಟ್ಕೊಂಡು "ನಂಗೆ ಕಾರ್ ಓಡಿಸೋಕೆ ಬರಲ್ಲ" ಅನ್ನೋರು ನಮ್ಮ ಹಾಸ್ಟೆಲಿನಲ್ಲೇ ಎಷ್ಟೋ ಜನ ಇದ್ದಾರೆ.

ಇವರೆಲ್ಲ ದಡ್ಡರಲ್ಲ. ಇವರಿಗೆ ಕಲಿಸಿದವರೆಲ್ಲ ಕೆಟ್ಟವರೂ ಅಲ್ಲ. ಹಾಗಾದ್ರೆ ಸಮಸ್ಯೆ ಎಲ್ಲಿದೆ? ನನ್ನ ಪ್ರಕಾರ ಅದು ಕಾರಿನ ಎಡಗಡೆ ಸೀಟಿನ ಕೆಳಗೆ, ಕಾಲಿಡೋ ಜಾಗದಲ್ಲಿ ಇದೆ.

ಎರಡು ಜೋಡಿ ಪೆಡಲ್

ಡ್ರೈವಿಂಗ್ ಸ್ಕೂಲಿನ ಕಾರಿಗೆ ಡ್ಯೂಯಲ್ ಕಂಟ್ರೋಲ್ ಇರಲೇಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ಅಂದ್ರೆ ಕಲಿಸೋರ ಕಾಲಿನ ಹತ್ತಿರವೂ ಪೆಡಲ್ ಇರುತ್ತೆ. ನಮ್ಮ ಕಡೆ ಸ್ಕೂಲ್ ಕಾರುಗಳಲ್ಲಿ ಸಾಮಾನ್ಯವಾಗಿ ಕಾಣೋದು ಎರಡು: ಒಂದು ಕ್ಲಚ್, ಒಂದು ಬ್ರೇಕ್. ಇವು ಒಂದು ರಾಡ್ ಅಥವಾ ಕೇಬಲ್ ಮೂಲಕ ನಮ್ಮ ಕಡೆಯ ಪೆಡಲ್‌ಗೆ ಸೇರಿಕೊಂಡಿರುತ್ತವೆ. ಅವರು ಅಲ್ಲಿ ಒತ್ತಿದ್ರೆ ಇಲ್ಲಿ ನಮ್ಮ ಪೆಡಲ್ ತಾನೇ ಕೆಳಗೆ ಹೋಗುತ್ತೆ.

ಇದು ಇರೋದು ನಮ್ಮ ಜೀವ ಉಳಿಸೋಕೆ. ಆದರೆ ದಿನಾ ಏನಾಗುತ್ತೆ ನೋಡಿ. ಸಿಗ್ನಲ್‌ನಲ್ಲಿ ಗಾಡಿ ಆಫ್ ಆದ್ರೆ ಹಿಂದಿನವರು ಹಾರ್ನ್ ಹೊಡೀತಾರೆ. ಅದಕ್ಕೆ ಸರ್ ಮೊದಲೇ ತಮ್ಮ ಕಡೆಯ ಕ್ಲಚ್ ಹಿಡಿದು, ನಿಧಾನಕ್ಕೆ ಬಿಟ್ಟು, ಗಾಡಿ ಎತ್ತಿಕೊಡ್ತಾರೆ. ಮುಂದೆ ಹಂಪ್ ಬಂದ್ರೆ ಅವರೇ ಬ್ರೇಕ್ ಒತ್ತುತ್ತಾರೆ. ಗೇರ್ ಹಾಕಬೇಕಾದ್ರೆ ನಮ್ಮ ಕೈ ಮೇಲೆ ಕೈಯಿಟ್ಟು ಅವರೇ ಹಾಕ್ತಾರೆ. ನಾವು ಸ್ಟೀರಿಂಗ್ ಹಿಡ್ಕೊಂಡು "ಅಬ್ಬಾ, ಎಷ್ಟು ಚೆನ್ನಾಗಿ ಹೋಗ್ತಿದೆ" ಅನ್ಕೋತೀವಿ. ನಿಜವಾಗಿ ಗಾಡಿ ಓಡಿಸ್ತಾ ಇರೋದು ಎಡಗಡೆ ಕೂತವರು. ಮನೆಯ ಕಾರಿನಲ್ಲಿ ಆ ಎರಡನೇ ಜೋಡಿ ಪೆಡಲ್ ಇರಲ್ಲ. ಅದಕ್ಕೇ ಅಲ್ಲಿ ಕೈಕಾಲು ನಡುಗೋದು.

ಹಾಗಾಗಿ ಮೊದಲ ವಾರದಿಂದಲೇ ಒಂದು ವಿಷಯ ಗಮನಿಸಿ. ನಿಮ್ಮ ಪಾದ ಒತ್ತದೇ ಇರುವಾಗ ಪೆಡಲ್ ಕೆಳಗೆ ಇಳೀತಾ ಇದ್ಯಾ? ಕ್ಲಾಸ್ ಮುಗಿದ ತಕ್ಷಣ ಫೋನಿನಲ್ಲಿ ಎರಡು ಸಾಲು ಬರೆದಿಡಿ: ಇವತ್ತು ಎಷ್ಟು ಸಲ ಗಾಡಿ ನಾನೇ ಎತ್ತಿದೆ, ಎಷ್ಟು ಸಲ ಸರ್ ಎತ್ತಿದ್ರು. ಎಷ್ಟು ಕಿಲೋಮೀಟರ್ ಹೋದ್ರಿ ಅನ್ನೋದಕ್ಕಿಂತ ಈ ಲೆಕ್ಕ ಮುಖ್ಯ. ದಿನ ಕಳೆದ ಹಾಗೆ ಎರಡನೇ ಸಂಖ್ಯೆ ಸೊನ್ನೆಗೆ ಬರಬೇಕು. ಹತ್ತು ಕ್ಲಾಸ್ ಆದ್ರೂ ಬರದಿದ್ದರೆ ಕೇಳಲೇಬೇಕು.

ಕ್ಲಚ್ ಒಳಗೆ ಏನಾಗುತ್ತೆ

"ಕ್ಲಚ್ ನಿಧಾನಕ್ಕೆ ಬಿಡಿ, ನಿಧಾನಕ್ಕೆ ಬಿಡಿ" ಅಂತ ಎಲ್ಲರೂ ಹೇಳ್ತಾರೆ. ಯಾಕೆ ಅಂತ ಯಾರೂ ಹೇಳಲ್ಲ. ಇಂಜಿನಿಯರಿಂಗ್ ಓದೋ ನಮಗೆ ಅದು ಗೊತ್ತಾದ್ರೆ ಕಾಲಿಗೂ ಬೇಗ ಅರ್ಥ ಆಗುತ್ತೆ.

ಇಂಜಿನ್ ಆನ್ ಇದ್ರೆ ಅದು ತಿರುಗ್ತಾನೇ ಇರಬೇಕು. ಸುಮ್ಮನೆ ನಿಂತಾಗಲೂ ನಿಮಿಷಕ್ಕೆ ಸುಮಾರು 800 ಸುತ್ತು. ಆದರೆ ಗಾಡಿ ನಿಂತಿದ್ದಾಗ ಚಕ್ರದ ವೇಗ ಸೊನ್ನೆ. ತಿರುಗೋ ಇಂಜಿನ್ನಿಗೆ ನಿಂತ ಚಕ್ರವನ್ನು ಒಮ್ಮೆಗೇ ಜೋಡಿಸಿದ್ರೆ ಎರಡರಲ್ಲಿ ಒಂದು ಆಗಬೇಕು: ಗಾಡಿ ಮುಂದಕ್ಕೆ ಎಗರಬೇಕು, ಇಲ್ಲ ಇಂಜಿನ್ ನಿಲ್ಲಬೇಕು. ಸಾಮಾನ್ಯವಾಗಿ ಮೊದಲು ಎಗರಿ ಆಮೇಲೆ ನಿಲ್ಲುತ್ತೆ.

ಇವೆರಡರ ಮಧ್ಯೆ ಕೂತಿರೋದೇ ಕ್ಲಚ್. ಇಂಜಿನ್ ಕಡೆ ಫ್ಲೈವೀಲ್, ಅದರ ಎದುರು ಘರ್ಷಣೆಯ ಪದರ ಅಂಟಿಸಿದ ಕ್ಲಚ್ ಪ್ಲೇಟ್, ಅದರ ಹಿಂದೆ ಪ್ರೆಶರ್ ಪ್ಲೇಟ್ ಮತ್ತು ಸ್ಪ್ರಿಂಗ್. ಪೆಡಲ್ ಬಿಟ್ಟಿರುವಾಗ ಸ್ಪ್ರಿಂಗ್ ಇವನ್ನೆಲ್ಲ ಗಟ್ಟಿಯಾಗಿ ಒತ್ತಿ ಹಿಡಿದಿರುತ್ತೆ, ಇಂಜಿನ್ ತಿರುಗಿದ ಹಾಗೆ ಗೇರ್‌ಬಾಕ್ಸ್ ತಿರುಗುತ್ತೆ. ಪೆಡಲ್ ಒತ್ತಿದ್ರೆ ಪ್ಲೇಟ್ ಬಿಡುಗಡೆ ಆಗುತ್ತೆ, ಇಂಜಿನ್ ಬೇರೆ, ಚಕ್ರ ಬೇರೆ. ನಿಧಾನಕ್ಕೆ ಬಿಡ್ತಾ ಬಂದ್ರೆ ಒಂದು ಜಾಗದಲ್ಲಿ ಪ್ಲೇಟುಗಳು ಉಜ್ಜಿಕೊಂಡು ಹಿಡಿಯೋಕೆ ಶುರು ಮಾಡ್ತವೆ. ಇಂಜಿನ್ ಶಬ್ದ ಸ್ವಲ್ಪ ಇಳಿಯುತ್ತೆ, ಗಾಡಿಯ ಮೂತಿ ಸ್ವಲ್ಪ ಎತ್ತಿದ ಹಾಗಾಗುತ್ತೆ. ಇದೇ ಬೈಟಿಂಗ್ ಪಾಯಿಂಟ್. ಸರ್ "ಹಾಫ್ ಕ್ಲಚ್" ಅನ್ನೋದು ಈ ಜಾಗಕ್ಕೇ. ಹೆಸರಿನಲ್ಲಿ ಹಾಫ್ ಇದ್ದ ಮಾತ್ರಕ್ಕೆ ಅದು ಪೆಡಲ್‌ನ ಸರಿಯಾಗಿ ಅರ್ಧದಲ್ಲಿ ಇರಬೇಕು ಅಂತೇನಿಲ್ಲ. ಒಂದೊಂದು ಗಾಡಿಯಲ್ಲಿ ಒಂದೊಂದು ಕಡೆ ಇರುತ್ತೆ. ಪ್ಲೇಟ್ ಸವೆದ ಹಾಗೆ ಜಾಗ ಬದಲಾಗೋದೂ ಉಂಟು. ಅದಕ್ಕೆ ಸ್ಕೂಲ್ ಕಾರಿನಲ್ಲಿ ಸರಿಯಾಗಿ ಬಂದದ್ದು ಮನೆಯ ಕಾರಿನಲ್ಲಿ ಮೊದಲ ದಿನ ಬರಲ್ಲ. ಗಾಬರಿ ಬೇಡ, ಆ ಗಾಡಿಯ ಪಾಯಿಂಟ್ ಎಲ್ಲಿದೆ ಅಂತ ಮತ್ತೆ ಹುಡುಕಬೇಕು ಅಷ್ಟೇ.

ಹುಡುಕೋಕೆ ಒಂದು ಸುಲಭ ಅಭ್ಯಾಸ ಇದೆ. ಜನ ಇಲ್ಲದ, ಸಮತಟ್ಟಾದ ರಸ್ತೆಯಲ್ಲಿ ಫಸ್ಟ್ ಗೇರ್ ಹಾಕಿ, ಆಕ್ಸಿಲರೇಟರ್ ಮುಟ್ಟದೆ, ಕ್ಲಚ್ ಒಂದನ್ನೇ ನಿಧಾನಕ್ಕೆ ಬಿಡ್ತಾ ಗಾಡಿ ಎತ್ತೋದು. ಈಗಿನ ಕಾರುಗಳಲ್ಲಿ ಇಂಜಿನ್ ನಿಲ್ಲೋ ಹಾಗಾದಾಗ ಇಸಿಯು ತಾನೇ ಸ್ವಲ್ಪ ಇಂಧನ ಜಾಸ್ತಿ ಕೊಡುತ್ತೆ, ಆದ್ದರಿಂದ ಇದು ಸಾಧ್ಯ. ಎತ್ತೋದು, ನಿಲ್ಲಿಸೋದು, ಮತ್ತೆ ಎತ್ತೋದು. ಇಪ್ಪತ್ತು ಸಲ. ಬೋರ್ ಆಗುತ್ತೆ, ಆದರೆ ಈ ಇಪ್ಪತ್ತು ಸಲದಲ್ಲಿ ಕಾಲು ಕಲಿಯೋದು ಮೇನ್ ರೋಡಿನಲ್ಲಿ ಸರ್ ಕ್ಲಚ್ ಹಿಡಿದು ಓಡಿಸಿದ ಹತ್ತು ಕಿಲೋಮೀಟರಿನಲ್ಲಿ ಕಲಿಯಲ್ಲ.

ಏರಿನಲ್ಲಿ ಗಾಡಿ ಎತ್ತೋದೂ ಇದೇ ಲೆಕ್ಕ. ಹ್ಯಾಂಡ್ ಬ್ರೇಕ್ ಹಾಕಿರಿ, ಬೈಟಿಂಗ್ ಪಾಯಿಂಟ್‌ವರೆಗೆ ಕ್ಲಚ್ ಬಿಡಿ, ಸ್ವಲ್ಪ ಆಕ್ಸಿಲರೇಟರ್ ಕೊಡಿ, ಗಾಡಿ ಮುಂದಕ್ಕೆ ಎಳೀತಾ ಇದೆ ಅನ್ನಿಸಿದ ಮೇಲೆ ಹ್ಯಾಂಡ್ ಬ್ರೇಕ್ ಇಳಿಸಿ. ಏರಿನಲ್ಲಿ ನಿಂತಾಗ ಹಾಫ್ ಕ್ಲಚ್‌ನಲ್ಲೇ ಗಾಡಿ ಹಿಡಿದು ನಿಲ್ಲಿಸೋದನ್ನ ಕೆಲವರು ದೊಡ್ಡ ಕಲೆ ಅನ್ಕೋತಾರೆ. ಅಷ್ಟೂ ಹೊತ್ತು ಪ್ಲೇಟ್ ಉಜ್ಜಿಕೊಂಡು ಬಿಸಿ ಆಗ್ತಾನೇ ಇರುತ್ತೆ. ಸುಟ್ಟ ವಾಸನೆ ಬಂತು ಅಂದ್ರೆ ಅದು ಅದೇ.

ಗಂಟೆಗಳ ಲೆಕ್ಕ

ಈಗ ದುಡ್ಡಿನ ವಿಷಯ. ಕರ್ನಾಟಕದಲ್ಲಿ ಕಾರು ತರಬೇತಿಯ ಶುಲ್ಕವನ್ನು ಸಾರಿಗೆ ಇಲಾಖೆ 2024ರ ಜನವರಿ 1ರಿಂದ 4,000 ರೂಪಾಯಿಂದ 7,000 ರೂಪಾಯಿಗೆ ಏರಿಸಿತು. ಲೈಸೆನ್ಸಿನ ಸರ್ಕಾರಿ ಶುಲ್ಕ ಇದರಲ್ಲಿ ಸೇರಿಲ್ಲ. ಅದಕ್ಕೆ ಸೇರೋವಾಗಲೇ "ಸರ್, ಟ್ರೈನಿಂಗಿಗೆ ಎಷ್ಟು, ಎಲ್‌ಎಲ್ ಮತ್ತು ಡಿಎಲ್‌ಗೆ ಎಷ್ಟು, ಬೇರೆ ಬೇರೆ ಬರೆದು ರಸೀದಿ ಕೊಡಿ" ಅಂತ ಕೇಳಿ. ಕೇಳೋದಕ್ಕೆ ನಾಚಿಕೆ ಪಡಬೇಕಾಗಿಲ್ಲ.

ದುಡ್ಡಿಗೆ ಎಷ್ಟು ಗಂಟೆ ಸಿಗಬೇಕು? ಅದೇ 1989ರ ನಿಯಮಗಳ ಪ್ರಕಾರ ನಮ್ಮಂಥ ಸ್ವಂತ ಕಾರು ಓಡಿಸೋರ ತರಬೇತಿ ಕನಿಷ್ಠ 21 ದಿನ ಇರಬೇಕು, ಅದರಲ್ಲಿ ನಿಜವಾಗಿ ಗಾಡಿ ಓಡಿಸಿದ ಸಮಯ ಕನಿಷ್ಠ 10 ಗಂಟೆ. ದಿನಕ್ಕೆ ಅರ್ಧ ಗಂಟೆ ಅಂದ್ರೆ 21 ದಿನಕ್ಕೆ ಹತ್ತೂವರೆ ಗಂಟೆ, ಲೆಕ್ಕ ಸರಿಹೋಗುತ್ತೆ. ಆದರೆ ಒಂದು ಗಂಟೆಯ ಬ್ಯಾಚಿನಲ್ಲಿ ಮೂರು ಜನ ಇದ್ರೆ ತಲಾ 20 ನಿಮಿಷ, 21 ದಿನಕ್ಕೆ 7 ಗಂಟೆ. ಹದಿನೈದೇ ಕ್ಲಾಸ್ ಅಂದ್ರೆ 5 ಗಂಟೆ. ಆ 5 ಗಂಟೆಯಲ್ಲೂ ಅರ್ಧ ಸರ್ ಕಾಲು ಮಾಡಿದ ಕೆಲಸ ಆದ್ರೆ ನಮಗೆ ಉಳಿದದ್ದು ಎರಡೂವರೆ ಗಂಟೆ. ಎರಡೂವರೆ ಗಂಟೆಯಲ್ಲಿ ಸೈಕಲ್ ಕಲಿಯೋದೂ ಕಷ್ಟ.

ಇನ್ನೊಂದು ಉಪಯೋಗದ ವಿಷಯ. ಯಾವ ವಿದ್ಯಾರ್ಥಿ ಯಾವ ದಿನ ಎಷ್ಟು ಹೊತ್ತು ಓಡಿಸಿದ ಅಂತ ಸ್ಕೂಲಿನವರು ಒಂದು ರಿಜಿಸ್ಟರ್ ಇಡಬೇಕು. ಅದಕ್ಕೆ ಫಾರ್ಮ್ 15 ಅಂತ ಹೆಸರು, ಅದರಲ್ಲಿ ಕಲಿಯೋರ ಸಹಿಯೂ ಬೇಕು. ಕೊನೆಯ ದಿನ ಎಲ್ಲಾ ಸಾಲಿಗೂ ಒಟ್ಟಿಗೆ ಸಹಿ ಹಾಕಿ ಅಂದ್ರೆ ಹಾಕಬೇಡಿ. ಓಡಿಸಿದ ದಿನ, ಓಡಿಸಿದಷ್ಟಕ್ಕೆ ಸಹಿ ಹಾಕಿ. ಕಾಲೇಜಿನ ಅಟೆಂಡೆನ್ಸ್ ಬಗ್ಗೆ ನಾವು ಎಷ್ಟು ತಲೆ ಕೆಡಿಸ್ಕೋತೀವೋ ಅದರ ಕಾಲು ಭಾಗ ಇಲ್ಲಿ ತೋರಿಸಿದ್ರೆ ಸಾಕು.

ಸರ್ ಜೊತೆ ಹೇಗೆ ಮಾತಾಡೋದು

ಕಲಿಸೋರ ಜಾಗದಲ್ಲಿ ಕೂತು ಒಮ್ಮೆ ಯೋಚನೆ ಮಾಡಿ. ಬೆಳಿಗ್ಗೆ ಆರಕ್ಕೆ ಶುರು ಮಾಡಿ ಸಂಜೆವರೆಗೆ ಒಬ್ಬರಾದ ಮೇಲೆ ಒಬ್ಬರು ಹೊಸಬರು. ಪ್ರತಿಯೊಬ್ಬರೂ ಅದೇ ಹಂಪಿನಲ್ಲಿ ಅದೇ ತಪ್ಪು ಮಾಡ್ತಾರೆ. ಕಾರಿಗೆ ಗೀರು ಬಿದ್ರೆ ಓನರ್ ಮೊದಲು ಬೈಯೋದು ಇವರನ್ನೇ. ಗಾಡಿ ಮೇಲೆ ಇವರಿಗಿರೋ ಹಿಡಿತ ಎರಡು ಪೆಡಲ್ ಮತ್ತು ಹ್ಯಾಂಡ್ ಬ್ರೇಕ್ ಮಾತ್ರ, ಸ್ಟೀರಿಂಗ್ ಇರೋದು ನಮ್ಮ ಕೈಯಲ್ಲಿ. ಅವರ ಕಾಲು ಪದೇ ಪದೇ ಪೆಡಲ್ ಮೇಲೆ ಹೋಗೋದು, ಧ್ವನಿ ಏರೋದು ಭಯದಿಂದಲೂ ಹೌದು. ಇದು ಅರ್ಥ ಆದ್ರೆ ಜಗಳ ಮಾಡದೆ ನಮಗೆ ಬೇಕಾದ್ದನ್ನ ಕೇಳಬಹುದು.

ಕೇಳೋದಕ್ಕೆ ಸರಿಯಾದ ಸಮಯ ಗಾಡಿ ಹೊರಡೋ ಮುಂಚೆ. ಟ್ರಾಫಿಕ್ ಮಧ್ಯೆ ಅಲ್ಲ. ಕೆಲವು ಮಾತು ಇಲ್ಲಿವೆ, ನಿಮ್ಮ ಊರಿನ ಧಾಟಿಯಲ್ಲಿ ಹೇಳ್ಕೊಳ್ಳಿ:

"ಸರ್, ಇವತ್ತು ಆ ಖಾಲಿ ರೋಡಿನಲ್ಲಿ ನೀವು ಕ್ಲಚ್ ಮುಟ್ಟಬೇಡಿ, ಆಫ್ ಆದ್ರೂ ಪರವಾಗಿಲ್ಲ. ನಾನೇ ಎತ್ತಿ ನೋಡ್ತೀನಿ."

"ಸರ್, ನೀವು ಬ್ರೇಕ್ ಹಿಡಿದ್ರೆ 'ನಾನು ಹಿಡಿದೆ' ಅಂತ ಹೇಳಿ. ನಾನು ಹಿಡಿದಿದ್ದಾ ನೀವು ಹಿಡಿದಿದ್ದಾ ಗೊತ್ತಾಗ್ತಿಲ್ಲ."

"ಸರ್, ಎಡಕ್ಕೆ ತಿರುಗಿಸಬೇಕಾದ್ರೆ ಸ್ವಲ್ಪ ಮೊದಲೇ ಹೇಳಿ."

"ಸರ್, ಇವತ್ತು ರಿವರ್ಸ್ ಮಾತ್ರ ಮಾಡೋಣ."

ಎರಡನೇ ಮಾತು ಚಿಕ್ಕದು ಅನ್ನಿಸಬಹುದು, ಆದರೆ ಎಲ್ಲಕ್ಕಿಂತ ಉಪಯೋಗ ಅದೇ. ನಾವು ಕಲಿಯೋದು ನಮ್ಮ ಕಾಲು ಮಾಡಿದ್ದಕ್ಕೆ ಗಾಡಿ ಏನು ಮಾಡಿತು ಅಂತ ನೋಡಿ. ಸಿಗ್ನಲ್ಸ್ ಕ್ಲಾಸಿನ ಭಾಷೆಯಲ್ಲಿ ಹೇಳೋದಾದ್ರೆ ಇನ್‌ಪುಟ್ ಯಾರದ್ದು ಅಂತ ಗೊತ್ತಿಲ್ಲದೆ ಔಟ್‌ಪುಟ್ ನೋಡಿ ಏನೂ ಪ್ರಯೋಜನ ಇಲ್ಲ.

ಬೈದ್ರೆ ಏನು ಮಾಡೋದು? "ಬ್ರೇಕ್! ಬ್ರೇಕ್!" ಅಂತ ಕಿರುಚೋದು ಬೈಗುಳ ಅಲ್ಲ, ಅದನ್ನ ಮನಸ್ಸಿಗೆ ಹಚ್ಕೋಬೇಡಿ. ಆದರೆ "ನಿಮ್ಮಂಥೋರಿಗೆಲ್ಲ ಯಾಕೆ ಡ್ರೈವಿಂಗು", "ಹುಡುಗೀರಿಗೆ ಇದೆಲ್ಲ ಬರಲ್ಲ ಬಿಡಿ" ಅನ್ನೋದು ಪಾಠ ಅಲ್ಲ. ಗಾಡಿ ಪಕ್ಕಕ್ಕೆ ನಿಲ್ಲಿಸಿ, "ಸರ್, ಬೈದ್ರೆ ನಂಗೆ ತಲೆ ಓಡಲ್ಲ, ಏನು ಮಾಡಬೇಕು ಅಂತ ಹೇಳಿ" ಅಂತ ಶಾಂತವಾಗಿ ಹೇಳಿ. ಸುಮಾರು ಜನ ತಕ್ಷಣ ಸರಿಹೋಗ್ತಾರೆ. ಸರಿಹೋಗದಿದ್ರೆ ಆಫೀಸಿನಲ್ಲಿ ಬೇರೆಯವರನ್ನ ಕೊಡಿ ಅಂತ ಕೇಳಿ.

ಸಹಿಸಿಕೊಳ್ಳಬಾರದ ವಿಷಯ

ಇದನ್ನ ಹುಡುಗರು ಬರೆಯೋ ಲೇಖನಗಳಲ್ಲಿ ಬಿಟ್ಟುಬಿಡ್ತಾರೆ, ಅದಕ್ಕೆ ನೇರವಾಗಿ ಬರೀತೀನಿ. ಗೇರ್ ಕಲಿಸೋ ನೆಪದಲ್ಲಿ ಕೈ ಹಿಡ್ಕೊಂಡೇ ಇರೋದು, ಕಾಲು ಮುಟ್ಟಿ ತೋರಿಸೋದು, ಕ್ಲಾಸಿಗೆ ಸಂಬಂಧ ಇಲ್ಲದ ಮೆಸೇಜ್ ಕಳಿಸೋದು, ಇವು ಯಾವುದೂ ಕಲಿಸೋ ವಿಧಾನ ಅಲ್ಲ. ಗೇರ್ ಹಾಕೋದನ್ನ ಬಾಯಲ್ಲಿ ಹೇಳಿ ಕಲಿಸಬಹುದು. ಗಾಡಿ ನಿಂತಿರುವಾಗ, ಇಂಜಿನ್ ಆಫ್ ಮಾಡಿ, ಕ್ಲಚ್ ಒತ್ತಿ ಒಂದರಿಂದ ಐದರವರೆಗೆ ನಾವೇ ಐವತ್ತು ಸಲ ಹಾಕಿ ಅಭ್ಯಾಸ ಮಾಡಬಹುದು.

ಮೊದಲ ಸಲವೇ ಜೋರಾಗಿ ಹೇಳಿ: "ಸರ್, ಕೈ ತೆಗೀರಿ. ಬಾಯಲ್ಲಿ ಹೇಳಿ, ನಾನೇ ಹಾಕ್ತೀನಿ." ಗೆಳತಿಯನ್ನೋ ಅಮ್ಮನನ್ನೋ ಹಿಂದಿನ ಸೀಟಿನಲ್ಲಿ ಕೂರಿಸ್ಕೊಂಡು ಹೋಗೋದು ಒಳ್ಳೇದು. ಮಹಿಳಾ ತರಬೇತುದಾರರು ಇದ್ದಾರಾ ಅಂತ ಸೇರೋವಾಗಲೇ ಕೇಳಬಹುದು. ಮತ್ತೆ ಆದ್ರೆ ಇಳಿದು ಬನ್ನಿ, ಮನೆಯಲ್ಲಿ ಹೇಳಿ. ಹೆದರಿಕೆ ಆಗೋ ಪರಿಸ್ಥಿತಿ ಇದ್ರೆ 112ಕ್ಕೆ ಕರೆ ಮಾಡಿ. ಕಟ್ಟಿದ ದುಡ್ಡು ಹೋಗುತ್ತೆ ಅಂತ ಯಾರೂ ಇದನ್ನ ಸಹಿಸ್ಕೋಬೇಕಾಗಿಲ್ಲ. ಹುಡುಗರೇ, ನಿಮ್ಮ ಕ್ಲಾಸ್‌ಮೇಟ್ ಇಂಥದ್ದು ಹೇಳಿದ್ರೆ "ಅದೆಲ್ಲ ಕಾಮನ್" ಅನ್ನಬೇಡಿ.

ಟೆಸ್ಟು ಹಳೇ ಪ್ರಶ್ನೆಪತ್ರಿಕೆ ಅಲ್ಲ

ಎಲ್‌ಎಲ್ ಸಿಕ್ಕಿ 30 ದಿನ ಆದ ಮೇಲೆ ಡಿಎಲ್ ಟೆಸ್ಟಿಗೆ ಹೋಗಬಹುದು. ಎಲ್‌ಎಲ್ ಬಾಳಿಕೆ 6 ತಿಂಗಳು. ಅಂದ್ರೆ ಮೂವತ್ತೊಂದನೇ ದಿನವೇ ಟೆಸ್ಟ್ ಕೊಡಬೇಕು ಅಂತ ಯಾರೂ ಹೇಳಿಲ್ಲ. ಕೈ ಕೂತ ಮೇಲೆ ಹೋಗೋಕೆ ಐದು ತಿಂಗಳು ಟೈಮ್ ಇದೆ.

ಆದರೆ ಸ್ಕೂಲಿನಲ್ಲಿ ಕೊನೆಯ ವಾರ ನಡೆಯೋದೇ ಬೇರೆ. "ಆ ಕಂಬ ಸೈಡ್ ಮಿರರ್‌ನಲ್ಲಿ ಕಂಡಾಗ ಸ್ಟೀರಿಂಗ್ ಒಂದು ಫುಲ್ ಸುತ್ತು, ಈ ಗೆರೆ ಕಂಡಾಗ ವಾಪಸ್." ಇದು ನಾವು ಪರೀಕ್ಷೆಯ ಹಿಂದಿನ ರಾತ್ರಿ ಹಳೇ ಪ್ರಶ್ನೆಪತ್ರಿಕೆ ಬಾಯಿಪಾಠ ಮಾಡಿದ ಹಾಗೆ. ಪಾಸ್ ಆಗಬಹುದು. ಆದರೆ ಅಪಾರ್ಟ್‌ಮೆಂಟ್ ಪಾರ್ಕಿಂಗಿನಲ್ಲಿ ಆ ಕಂಬ ಇರಲ್ಲ. ಬೆಂಗಳೂರಿನ ಮಲ್ಲತ್ತಹಳ್ಳಿಯಲ್ಲಿ ಇರುವಂಥ ಸ್ವಯಂಚಾಲಿತ ಟ್ರ್ಯಾಕಿನಲ್ಲಿ ಗಾಡಿ ಗೆರೆ ದಾಟಿತಾ, ಹಿಂದಕ್ಕೆ ಜಾರಿತಾ ಅಂತ ಯಂತ್ರಗಳೇ ನೋಡ್ತವೆ, ಪಕ್ಕದಲ್ಲಿ ಕೂತವರ ಸಹಾಯ ಅಲ್ಲಿ ನಡೆಯಲ್ಲ. ಫೇಲಾದ್ರೂ ಲೋಕ ಮುಳುಗಲ್ಲ, 7 ದಿನ ಬಿಟ್ಟು ಮತ್ತೆ ಕೊಡಬಹುದು. ನಮ್ಮ ಬ್ಯಾಕ್‌ಲಾಗಿಗೆ ಇಷ್ಟು ಬೇಗ ಅವಕಾಶ ಸಿಗಲ್ಲ.

ಸ್ಕೂಲಿನಲ್ಲಿ ಹೇಳಿಕೊಡದ ಒಂದು ಲೆಕ್ಕ

ಕ್ಲಾಸಿನಲ್ಲಿ ನಾವು ಓಡಿಸೋದು ಹೆಚ್ಚಂದ್ರೆ 40ರ ವೇಗದಲ್ಲಿ. ಡಿಎಲ್ ಬಂದ ವಾರಕ್ಕೇ ಫ್ರೆಂಡ್ಸ್ ಜೊತೆ ಹೈವೇ ಹತ್ತೋ ಪ್ಲಾನ್ ಇರುತ್ತೆ. ಅದಕ್ಕಿಂತ ಮುಂಚೆ ಈ ಲೆಕ್ಕ ನೋಡಿ.

ಗಂಟೆಗೆ 40 ಕಿ.ಮೀ. ಅಂದ್ರೆ ಸೆಕೆಂಡಿಗೆ ಸುಮಾರು 11 ಮೀಟರ್. ಎದುರಿಗೆ ಏನೋ ಬಂತು ಅಂತ ಕಣ್ಣು ನೋಡಿ ಕಾಲು ಬ್ರೇಕ್ ಒತ್ತೋಕೆ ಒಂದು ಸೆಕೆಂಡ್ ಹಿಡಿಯುತ್ತೆ ಅನ್ಕೊಳ್ಳಿ. ಅಷ್ಟರಲ್ಲೇ 11 ಮೀಟರ್ ಹೋಯ್ತು. ಒಣ ರಸ್ತೆಯಲ್ಲಿ ಒಳ್ಳೆ ಬ್ರೇಕು ಸೆಕೆಂಡಿಗೆ 7 ಮೀಟರ್‌ನಷ್ಟು ವೇಗ ಇಳಿಸುತ್ತೆ ಅಂತ ಇಟ್ಕೊಂಡ್ರೆ, ವೇಗದ ವರ್ಗವನ್ನ 14ರಿಂದ ಭಾಗಿಸಿದ್ರೆ ನಿಲ್ಲೋಕೆ ಬೇಕಾದ ದೂರ ಸಿಗುತ್ತೆ: ಇನ್ನೂ 9 ಮೀಟರ್. ಒಟ್ಟು 20. ಈಗ 80ರ ವೇಗ ತಗೊಳ್ಳಿ. ಯೋಚನೆಗೆ 22 ಮೀಟರ್, ಬ್ರೇಕಿಗೆ 35 ಮೀಟರ್, ಒಟ್ಟು 57. ವೇಗ ಎರಡರಷ್ಟಾದ್ರೆ ದೂರ ಸುಮಾರು ಮೂರರಷ್ಟಾಯ್ತು. ಮಳೆ ಬಂದಿದ್ರೆ, ಟೈರ್ ಸವೆದಿದ್ರೆ ಇನ್ನೂ ಜಾಸ್ತಿ. ಪಿಯುಸಿ ಫಿಸಿಕ್ಸಿನಲ್ಲಿ ಮಾರ್ಕ್ಸಿಗೆ ಬರೆದ ಸೂತ್ರವೇ ಇದು, ಮುಂದಿನ ಲಾರಿಗೂ ನಮಗೂ ನಡುವೆ ಎಷ್ಟು ಜಾಗ ಬಿಡಬೇಕು ಅಂತ ಹೇಳೋದೂ ಇದೇ ಸೂತ್ರ.

ಘಾಟಿಗೂ ಒಂದು ಮಾತು. ಶಿರಾಡಿಯೋ ಚಾರ್ಮಾಡಿಯೋ ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಇಳಿದ್ರೆ ಬ್ರೇಕ್ ಬಿಸಿಯಾಗಿ ಹಿಡಿತ ಕಮ್ಮಿ ಆಗುತ್ತೆ. ಏರುವಾಗ ಯಾವ ಗೇರ್ ಬೇಕಾಗುತ್ತೋ ಇಳಿಯುವಾಗಲೂ ಹೆಚ್ಚುಕಮ್ಮಿ ಅದೇ ಗೇರಿನಲ್ಲಿ ಇಳೀಬೇಕು, ಆಗ ಇಂಜಿನ್ನೇ ಗಾಡಿ ಹಿಡಿಯುತ್ತೆ. ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸ್ತೀನಿ ಅನ್ನೋ ಬುದ್ಧಿವಂತಿಕೆ ಬೇಡ. ಕಿರಿದಾದ ಜಾಗದಲ್ಲಿ ಎದುರುಬದುರಾದ್ರೆ ಮೇಲೆ ಹತ್ತುತ್ತಿರೋ ಗಾಡಿಗೆ ದಾರಿ ಬಿಡಬೇಕು, ಇದು ನಿಯಮದಲ್ಲೇ ಇದೆ.

ಕೊನೆಯ ಕ್ಲಾಸಿಗೆ ಮುಂಚೆ

ಸ್ಕೂಲ್ ಬಿಡೋ ಮೊದಲು ಇಷ್ಟು ಕೆಲಸ, ಸರ್ ಕಾಲು ಕೈ ಎರಡೂ ಮಡಿಚಿಕೊಂಡು ಕೂತಿರುವಾಗ, ನೀವೇ ಮಾಡಿ ನೋಡಿ:

1. ಸಮತಟ್ಟಾದ ರೋಡಿನಲ್ಲಿ ಹತ್ತು ಸಲ ಸತತವಾಗಿ ಆಫ್ ಆಗದೆ ಗಾಡಿ ಎತ್ತೋದು.
2. ಏರಿನಲ್ಲಿ ಹಿಂದೆ ಜಾರದೆ ಎತ್ತೋದು.
3. ಸಿಗ್ನಲ್‌ನಲ್ಲಿ ಆಫ್ ಆದ್ರೆ ಗಾಬರಿ ಆಗದೆ ಕ್ಲಚ್ ಒತ್ತಿ ಮತ್ತೆ ಸ್ಟಾರ್ಟ್ ಮಾಡೋದು.
4. ಎಡಕ್ಕೆ ತಿರುಗೋ ಮುಂಚೆ ಎಡಗಡೆ ಮಿರರ್ ಜೊತೆಗೆ ಭುಜದ ಕಡೆಯೂ ತಿರುಗಿ ನೋಡೋದು. ಬೈಕ್‌ಗಳು ನುಗ್ಗೋದು ಅಲ್ಲೇ.
5. ಎರಡು ಕಾರಿನ ಮಧ್ಯೆ ರಿವರ್ಸ್ ಪಾರ್ಕಿಂಗ್.
6. ಕತ್ತಲಾದ ಮೇಲೆ ಒಂದು ಕ್ಲಾಸ್, ಆದ್ರೆ ಮಳೆಯಲ್ಲಿ ಒಂದು.

ಯಾವುದು ಬರಲ್ವೋ ಅದಕ್ಕೆ ಇನ್ನೊಂದೆರಡು ಕ್ಲಾಸ್ ಜಾಸ್ತಿ ಕೇಳಿ. ಬೇಕಾದ್ರೆ ಪಾಕೆಟ್ ಮನಿ ಸೇರಿಸಿ ಎಕ್ಸ್ಟ್ರಾ ಕಟ್ಟಿ. ಬಂಪರ್ ರಿಪೇರಿಗಿಂತ ಇದು ಅಗ್ಗ, ರಸ್ತೆಯಲ್ಲಿ ನಡ್ಕೊಂಡು ಹೋಗೋರ ಜೀವಕ್ಕಂತೂ ಬೆಲೆಯೇ ಇಲ್ಲ.

ಮನೆಯ ಕಾರಿನಲ್ಲಿ ಅಭ್ಯಾಸ ಮಾಡೋದಾದ್ರೆ ಎಲ್‌ಎಲ್ ಇರುವಷ್ಟು ದಿನ ಒಬ್ಬರೇ ಹೋಗೋ ಹಾಗಿಲ್ಲ. ಕಾರು ಲೈಸೆನ್ಸ್ ಇರೋರು, ಬೇಕಾದ್ರೆ ಗಾಡಿ ನಿಲ್ಲಿಸೋ ಹಾಗೆ ಪಕ್ಕದಲ್ಲೇ ಕೂತಿರಬೇಕು. ಮುಂದೆ ಹಿಂದೆ ಎರಡೂ ಕಡೆ ಬಿಳಿ ಮೇಲೆ ಕೆಂಪು ಎಲ್ ಬೋರ್ಡ್ ಬೇಕು. ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಯಾವುದಾದ್ರೂ ಹೊಸ ಲೇಔಟಿನ ಖಾಲಿ ರಸ್ತೆಗೆ ಅಪ್ಪನನ್ನೋ ಅಕ್ಕನನ್ನೋ ಕರ್ಕೊಂಡು ಹೋಗಿ. ಅಲ್ಲಿ ಎರಡನೇ ಜೋಡಿ ಪೆಡಲ್ ಇರಲ್ಲ, ಗಾಡಿ ನಾಲ್ಕು ಸಲ ಆಫ್ ಆಗುತ್ತೆ. ಐದನೇ ಸಲ ಎತ್ತಿದ್ದು ಯಾರು ಅಂತ ಮಾತ್ರ ಅನುಮಾನ ಇರಲ್ಲ.